ಕಾರು ಸ್ಟಾರ್ಟ್ ಆಗದಿದ್ದರೆ ತಪ್ಪು ಯಾರದು?

(ವಿಜ್ಞಾನ ಪಾಠ)



ನಮ್ಮ ಊರಲ್ಲಿ ಈಗ ಬೀದಿಗೆ ನಾಲ್ಕಾರು ಬೈಕು, ಒಂದೆರಡು ಟ್ರ್ಯಾಕ್ಟರು, ಅಲ್ಲೊಂದು ಇಲ್ಲೊಂದು ಕಾರು ಇವೆ. ಗಾಡಿ ಓಡುವಾಗ ಅದರ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಒಂದು ದಿನ ಬೆಳಿಗ್ಗೆ ಕೀ ತಿರುಗಿಸಿದಾಗ ಮಿಸುಕಾಡದೆ ನಿಂತರೆ ಮಾತ್ರ ಸುತ್ತ ಹತ್ತು ಜನ ಸೇರುತ್ತಾರೆ. ಹತ್ತು ಜನರೂ ಹತ್ತು ಕಾರಣ ಹೇಳುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅದರಿಂದ ನಾವು ಕಲಿತದ್ದನ್ನು ಪಾಠದಂತೆ ಬರೆದಿದ್ದೇನೆ. ನಿಂತುಕೊಂಡು ಓದಬೇಕಾದ್ದರಿಂದ ಸ್ವಲ್ಪ ಉದ್ದವಾಯಿತು ಅನ್ನಿಸಿದರೆ ಅರ್ಧ ಇವತ್ತು, ಅರ್ಧ ನಾಳೆ ಓದಿ.

ನಡೆದ ಸಂಗತಿ

ಆವತ್ತು ನಮ್ಮ ಅಕ್ಕನಿಗೆ ಎಸ್.ಎಸ್.ಎಲ್.ಸಿ. ಗಣಿತ ಪರೀಕ್ಷೆ. ಪರೀಕ್ಷಾ ಕೇಂದ್ರ 14 ಕಿಲೋಮೀಟರ್ ದೂರದ ಪೇಟೆಯಲ್ಲಿ. "ಬಸ್ಸಿನಲ್ಲಿ ನೂಕುನುಗ್ಗಲು, ನಾನೇ ಕಾರಲ್ಲಿ ಬಿಟ್ಟು ಬರ್ತೀನಿ" ಅಂತ ಚಿಕ್ಕಪ್ಪ ಹೇಳಿದ್ದರಿಂದ ಅಕ್ಕ ಮತ್ತು ಅವಳ ಇಬ್ಬರು ಗೆಳತಿಯರು ಬೆಳಗಿನ ಬಸ್ಸಿಗೆ ಹೋಗಲಿಲ್ಲ. ಮೂವರೂ ದೇವರಿಗೆ ಕೈ ಮುಗಿದು ಬಂದು ಕಾರಿನಲ್ಲಿ ಕುಳಿತರು. ಚಿಕ್ಕಪ್ಪ ಕೀ ತಿರುಗಿಸಿದರು. "ಟಕ್" ಅಂತ ಒಂದೇ ಒಂದು ಸದ್ದು. ಮತ್ತೆ ತಿರುಗಿಸಿದರು. ಮತ್ತೆ "ಟಕ್". ಅಷ್ಟೇ.

ಚಿಕ್ಕಪ್ಪನಿಗೆ ಸಿಟ್ಟು ಬಂತು. ಹಾರನ್ ಮೇಲೆ ಕೈ ಒತ್ತಿ ಹಿಡಿದು ಅಣ್ಣನನ್ನು ಕೂಗಿದರು. ಹಾರನ್ ಸದ್ದಿಗೆ ಜಗಲಿ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು. (ಈ ಹಾರನ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.) ಹಿಂದಿನ ರಾತ್ರಿ ಅಣ್ಣ ಕಾರಿನಲ್ಲಿ ಕುಳಿತು ಎರಡು ಗಂಟೆ ಹೊತ್ತು ಹಾಡು ಕೇಳಿದ್ದ. "ನಿನ್ನ ಹಾಡಿನಿಂದ ಬ್ಯಾಟರಿ ಇಳಿದುಹೋಯ್ತು ಕಣೋ! ಮೂರು ಮಕ್ಕಳ ವರ್ಷ ಹಾಳಾದ್ರೆ ಯಾರೋ ಹೊಣೆ?" ಅಂತ ಬೈದು, ಎಲ್ಲರ ಎದುರಿಗೇ ಅವನ ಕೆನ್ನೆಗೆ ಒಂದು ಬಿಟ್ಟರು. ಅಣ್ಣ ಹತ್ತೊಂಬತ್ತು ವರ್ಷದವನು. ಒಂದೂ ಮಾತಾಡದೆ ಹಿಂದೆ ಹೋಗಿ ಕಾರನ್ನು ತಳ್ಳಲು ನಿಂತ.

ಬೀದಿಯವರೆಲ್ಲ ಸೇರಿ ಗುಡಿಯ ಮುಂದಿನ ಇಳಿಜಾರಿನವರೆಗೆ ತಳ್ಳಿದರು. ಅಲ್ಲಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ಹತ್ತಿಕೊಂಡಿತು. ಇವರು ಮುಟ್ಟುವ ಹೊತ್ತಿಗೆ ಪರೀಕ್ಷೆಗೆ ಐದು ನಿಮಿಷ ಉಳಿದಿತ್ತು. ಮೊದಲ ಲೆಕ್ಕ ಬಿಡಿಸುವಾಗ ಕೈ ನಡುಗುತ್ತಿತ್ತು ಅಂತ ಅಕ್ಕ ಈಗಲೂ ಹೇಳುತ್ತಾಳೆ.

ವಾಪಸ್ ಬರುವಾಗ ಚಿಕ್ಕಪ್ಪ ಪೇಟೆಯ ಒಂದು ಅಂಗಡಿಗೆ ಹೋದರು. ಅಂಗಡಿಯವನು ಮೀಟರು ಹಿಡಿಯಲಿಲ್ಲ, ಮುಚ್ಚಳ ಬಿಚ್ಚಿ ನೋಡಲಿಲ್ಲ. "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿ" ಅಂದ. ಹಳೆಯದಕ್ಕೆ ಎರಡೇ ವರ್ಷ ಆಗಿತ್ತು. ಅದನ್ನು ಅಲ್ಲೇ ಕೊಟ್ಟು, ಮೇಲೆ ರೂ. 3,500 ತೆತ್ತು ಹೊಸದನ್ನು ತಂದರು. ಆ ದುಡ್ಡು ಒಂದು ಹೋತ ಮಾರಿ ಬಂದದ್ದು, ಅಣ್ಣನ ಐ.ಟಿ.ಐ. ಫೀಸಿಗೆ ಇಟ್ಟಿದ್ದದ್ದು.

ಹದಿನೈದು ದಿನ ಕಾರು ಚೆನ್ನಾಗಿ ಓಡಿತು. ಹದಿನಾರನೇ ದಿನ ಬೆಳಿಗ್ಗೆ ಮತ್ತೆ "ಟಕ್".

ಹಾಗಾದರೆ ತಪ್ಪು ಯಾರದು? ಅದನ್ನು ತಿಳಿಯುವ ಮುಂಚೆ ಕಾರು ಸ್ಟಾರ್ಟ್ ಆಗುವುದು ಹೇಗೆ ಎಂದು ನೋಡೋಣ.

ಕರೆಂಟು ಸುತ್ತಿ ಬರುವ ದಾರಿ

ಎಂಜಿನ್ ತಾನಾಗಿಯೇ ಮೊದಲ ಸುತ್ತು ತಿರುಗಲಾರದು. ಯಾರಾದರೂ ತಿರುಗಿಸಿ ಕೊಡಬೇಕು. ಹಿಂದೆ ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸುತ್ತಿದ್ದರು. ಹಳೇ ಜೀಪು, ಲಾರಿಗಳಿಗೆ ಹ್ಯಾಂಡಲ್ ಹೊಡೆಯುತ್ತಿದ್ದದ್ದನ್ನು ನಮ್ಮ ಅಜ್ಜಂದಿರು ನೋಡಿದ್ದಾರೆ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ವಿದ್ಯುತ್ತಿನಿಂದ ಎಂಜಿನ್ ತಿರುಗಿಸುವ ಮೋಟಾರನ್ನು ಕಾರಿಗೆ ಹೊಂದಿಸಿದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ನಮ್ಮ ಕಡೆ ಮೆಕ್ಯಾನಿಕ್ಕುಗಳು "ಸೆಲ್ಫ್" ಅನ್ನುವುದು ಈ ಮೋಟಾರಿಗೇ.

ಸೆಲ್ಫಿಗೆ ಶಕ್ತಿ ಕೊಡುವುದು ಬ್ಯಾಟರಿ. ಕಾರಿನ ಬ್ಯಾಟರಿ ಸೀಸ ಮತ್ತು ಗಂಧಕಾಮ್ಲದ್ದು. ಈ ಬಗೆಯ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮೊದಲು ಮಾಡಿದರು. ಒಳಗೆ ಆರು ಮನೆಗಳಿವೆ. ಒಂದೊಂದು ಮನೆಯೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರು ಸೇರಿದರೆ 12.6 ವೋಲ್ಟ್. ನಾವು ಬಾಯಿ ಮಾತಿನಲ್ಲಿ 12 ವೋಲ್ಟ್ ಬ್ಯಾಟರಿ ಅನ್ನುತ್ತೇವೆ.

ಕೀ ತಿರುಗಿಸಿದಾಗ ನಡೆಯುವುದು ಹೀಗೆ: ಮೊದಲು ಕೀ ಸ್ವಿಚ್ಚಿನಿಂದ ಒಂದು ಸಣ್ಣ ತಂತಿಯ ಮೂಲಕ ಸ್ವಲ್ಪ ಕರೆಂಟು ಸೆಲ್ಫಿನ ಮೇಲಿರುವ ಸೊಲೆನಾಯ್ಡಿಗೆ ಹೋಗುತ್ತದೆ. ಸೊಲೆನಾಯ್ಡ್ ಅಂದರೆ ನಾವು ಪಾಠದಲ್ಲಿ ಓದಿದ ತಂತಿ ಸುರುಳಿಯ ವಿದ್ಯುತ್ಕಾಂತ. ಅದು ಒಳಗಿನ ಕಬ್ಬಿಣದ ಸರಳನ್ನು ಎಳೆದುಕೊಳ್ಳುತ್ತದೆ. ಆಗ ಕೇಳುವುದೇ "ಟಕ್". ಹಾಗೆ ಎಳೆದುಕೊಂಡಾಗ ಎರಡು ದಪ್ಪ ತಾಮ್ರದ ತುದಿಗಳು ಕೂಡಿಕೊಂಡು ಬ್ಯಾಟರಿಯ ದೊಡ್ಡ ಕರೆಂಟು ಸೆಲ್ಫಿಗೆ ನುಗ್ಗುತ್ತದೆ. ಸೆಲ್ಫ್ ತಿರುಗಿ ಎಂಜಿನ್ನನ್ನು ತಿರುಗಿಸುತ್ತದೆ.

ಇಲ್ಲಿ ಬಹಳ ಜನ ಮರೆಯುವ ಮಾತೊಂದಿದೆ. ಹೋದ ಕರೆಂಟು ವಾಪಸ್ ಬರಬೇಕು. ಬ್ಯಾಟರಿಯ ಪ್ಲಸ್‌ನಿಂದ ಕೆಂಪು ತಂತಿಯಲ್ಲಿ ಹೊರಟ ಕರೆಂಟು ಸೆಲ್ಫಿನ ಒಳಗೆ ಹಾದು, ಎಂಜಿನ್ನಿನ ಕಬ್ಬಿಣದ ಮೈಯಿಂದ ಅರ್ಥ್ ತಂತಿಗೆ ಬಂದು, ಬ್ಯಾಟರಿಯ ಮೈನಸ್‌ಗೆ ಸೇರಬೇಕು. ನಮ್ಮ ಕಾರಿನಲ್ಲಿ ಮೈನಸ್‌ನಿಂದ ಎರಡು ಅರ್ಥ್ ತಂತಿಗಳಿವೆ. ತೆಳುವಾದದ್ದು ಕಾರಿನ ಬಾಡಿಗೆ. ಲೈಟು, ಹಾರನ್ನು, ಹಾಡಿನ ಪೆಟ್ಟಿಗೆ ಎಲ್ಲದರ ಕರೆಂಟು ಇದರಲ್ಲಿ ವಾಪಸ್ ಬರುತ್ತದೆ. ದಪ್ಪನೆಯದು ಎಂಜಿನ್ನಿಗೆ ಸೇರಿದ ಗೇರ್ ಬಾಕ್ಸಿಗೆ. ಸೆಲ್ಫಿನ ಕರೆಂಟು ಇದರಲ್ಲಿ ಬರುತ್ತದೆ.

ಕೆರೆ ತುಂಬಿದ್ದರೂ ತೂಬು ಕಟ್ಟಿದ್ದರೆ?

ಲೈಟು ಉರಿಯುತ್ತದೆ, ಸೆಲ್ಫ್ ತಿರುಗುವುದಿಲ್ಲ. ಇದು ಹೇಗೆ ಸಾಧ್ಯ? ಕೆರೆಯನ್ನು ನೆನೆಸಿಕೊಳ್ಳಿ. ಕೆರೆ ತುಂಬಿದೆ, ಆದರೆ ತೂಬಿನಲ್ಲಿ ಕಸ ಕಟ್ಟಿಕೊಂಡಿದೆ. ಸಂದಿಯಿಂದ ಜಿನುಗುವ ನೀರು ಒಂದು ಕೊಡ ತುಂಬಲು ಸಾಕು. ಗದ್ದೆಗೆ ಸಾಲದು. ಲೈಟು ಒಂದು ಕೊಡದಂತೆ, ಸೆಲ್ಫ್ ಗದ್ದೆಯಂತೆ.

ಲೆಕ್ಕದಲ್ಲಿ ನೋಡೋಣ. ಓಮನ ನಿಯಮ ನಮಗೆ ಗೊತ್ತು. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ್ದು:

ವೋಲ್ಟ್ = ಆಂಪಿಯರ್ × ಓಮ್

ಒಂದು ಜೋಡಣೆಯಲ್ಲಿ ತುಕ್ಕು ಹಿಡಿದು 0.05 ಓಮ್ ರೋಧ ಬಂದಿದೆ ಎಂದುಕೊಳ್ಳಿ. ಪಾಠದ ಲೆಕ್ಕಗಳಲ್ಲಿ 5 ಓಮ್, 10 ಓಮ್ ನೋಡಿದ ನಮಗೆ ಇದು ಏನೂ ಅಲ್ಲ ಅನ್ನಿಸುತ್ತದೆ. 4 ಆಂಪಿಯರ್ ಎಳೆಯುವ ಹಾರನ್ನು ಆ ಜೋಡಣೆಯ ಮೂಲಕ ಹೋದರೆ ನಷ್ಟ 4 × 0.05 = 0.2 ವೋಲ್ಟ್. ಗೊತ್ತೇ ಆಗುವುದಿಲ್ಲ. ಆದರೆ ಸಣ್ಣ ಕಾರಿನ ಸೆಲ್ಫ್ ಎಂಜಿನ್ ತಿರುಗಿಸುವಾಗ ಸುಮಾರು 100 ಆಂಪಿಯರ್ ಎಳೆಯುತ್ತದೆ. ಆಗ ನಷ್ಟ 100 × 0.05 = 5 ವೋಲ್ಟ್! ಹನ್ನೆರಡರಲ್ಲಿ ಐದು ಆ ತುಕ್ಕಿನಲ್ಲೇ ಹೋದರೆ ಸೆಲ್ಫಿಗೆ ಉಳಿಯುವುದೆಷ್ಟು?

ಆದ್ದರಿಂದ "ಲೈಟು ಉರೀತದೆ, ಕರೆಂಟು ಸರಿಯಾಗಿದೆ" ಎಂಬ ಮಾತೂ ತಪ್ಪಾಗಬಹುದು. "ಸೆಲ್ಫ್ ತಿರುಗ್ತಿಲ್ಲ, ಬ್ಯಾಟರಿ ಹೋಗಿದೆ" ಎಂಬ ಮಾತೂ ತಪ್ಪಾಗಬಹುದು. ಪರೀಕ್ಷೆ ಮಾಡಿಯೇ ಹೇಳಬೇಕು.

ಕೈ ಹಾಕುವ ಮುಂಚೆ ಎಚ್ಚರ

1. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಗೇರಿನಲ್ಲಿದ್ದಾಗ ಸೆಲ್ಫ್ ತಿರುಗಿದರೆ ಕಾರು ನುಗ್ಗಿಬಿಡುತ್ತದೆ.

2. ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ, ದೀಪ ಬೇಡ. ಕತ್ತಲೆಯಿದ್ದರೆ ಟಾರ್ಚ್ ಹಿಡಿಯಿರಿ.

3. ಒಳಗಿರುವುದು ಗಂಧಕಾಮ್ಲ. ಕಣ್ಣಿಗೆ, ಮೈಗೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಕಣ್ಣಾದರೆ ತೊಳೆದ ಮೇಲೆ ಡಾಕ್ಟರ ಹತ್ತಿರ ಹೋಗಲೇಬೇಕು.

4. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಪ್ಲಸ್ ಮತ್ತು ಮೈನಸ್ ನಡುವೆ ಲೋಹ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ.

5. ತಂತಿ ಬಿಚ್ಚುವಾಗ ಮೈನಸ್ ಮೊದಲು. ಕಟ್ಟುವಾಗ ಮೈನಸ್ ಕೊನೆಗೆ. ಯಾಕೆ ಎಂಬುದು ಕೊನೆಯ ಪ್ರಶ್ನೆಗಳಲ್ಲಿದೆ.

6. ನಾವು ಮಕ್ಕಳು ಒಬ್ಬೊಬ್ಬರೇ ಇದನ್ನು ಮಾಡಬಾರದು. ತಿಳಿದ ದೊಡ್ಡವರು ಜೊತೆಗಿರಬೇಕು.

ಕಿವಿ ಮತ್ತು ಕಣ್ಣಿನ ಪರೀಕ್ಷೆ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಬ್ಬರು ಮುಂದೆ ನಿಂತು ಹೆಡ್‌ಲೈಟ್ ನೋಡಬೇಕು. ಇನ್ನೊಬ್ಬರು ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಬೇಕು. ಐದು ಸೆಕೆಂಡ್ ಸಾಕು.

ಮೊದಲನೆಯದು: ಕೀ ತಿರುಗಿಸುವ ಮುಂಚೆಯೇ ಲೈಟು ಮಂಕಾಗಿದೆ, ತಿರುಗಿಸಿದರೆ ಪೂರ್ತಿ ಕೆಂಪಗಾಗುತ್ತದೆ, ಸೆಲ್ಫ್ ನಿಧಾನವಾಗಿ ನರಳುತ್ತದೆ ಅಥವಾ "ಟಕ ಟಕ ಟಕ" ಎಂದು ಬೇಗ ಬೇಗ ಬಡಿಯುತ್ತದೆ. ಇದು ಹೆಚ್ಚಾಗಿ ಬ್ಯಾಟರಿ ಇಳಿದಿರುವ ಗುರುತು.

ಎರಡನೆಯದು: ಲೈಟು ಚೆನ್ನಾಗಿತ್ತು, ಕೀ ತಿರುಗಿಸಿದ ಕೂಡಲೇ ಪೂರ್ತಿ ಆರಿಹೋಯಿತು. ಬ್ಯಾಟರಿಯ ತುದಿಯಲ್ಲಿರುವ ಕ್ಲಾಂಪ್ ಸಡಿಲವಾಗಿರಬಹುದು, ಅಥವಾ ಅಲ್ಲಿ ಬಿಳಿ-ಹಸಿರು ಪುಡಿ ಕಟ್ಟಿರಬಹುದು. ಕೈಯಿಂದ ಅಲ್ಲಾಡಿಸಿ ನೋಡಿ. ಅಲ್ಲಾಡಬಾರದು.

ಮೂರನೆಯದು: ಲೈಟು ಮೊದಲಿನಂತೆಯೇ ಪ್ರಕಾಶವಾಗಿದೆ, "ಟಕ್" ಸದ್ದೂ ಇಲ್ಲ. ಸೊಲೆನಾಯ್ಡಿಗೆ ಕರೆಂಟೇ ಹೋಗುತ್ತಿಲ್ಲ. ಕೀ ಸ್ವಿಚ್ಚು, ಸೆಲ್ಫಿನ ಫ್ಯೂಸು, ರಿಲೇ, ಸಣ್ಣ ತಂತಿಯ ತುದಿ, ಇವನ್ನು ನೋಡಬೇಕು. ಕೆಲವು ಕಾರುಗಳಲ್ಲಿ ಕ್ಲಚ್ ಒತ್ತದಿದ್ದರೆ ಸೆಲ್ಫ್ ತಿರುಗದಂತೆ ಸ್ವಿಚ್ಚು ಇರುತ್ತದೆ. ಅದನ್ನೂ ಮರೆಯಬೇಡಿ.

ನಾಲ್ಕನೆಯದು: ಲೈಟು ಹೆಚ್ಚು ಮಂಕಾಗುವುದಿಲ್ಲ, "ಟಕ್" ಅಂತ ಒಂದೇ ಸದ್ದು, ಸೆಲ್ಫ್ ತಿರುಗುವುದಿಲ್ಲ. ಬ್ಯಾಟರಿಯಲ್ಲಿ ಶಕ್ತಿ ಇದೆ, ಸೆಲ್ಫಿಗೆ ಮುಟ್ಟುತ್ತಿಲ್ಲ. ದಪ್ಪ ತಂತಿಗಳ ಜೋಡಣೆ, ಸೊಲೆನಾಯ್ಡಿನ ಒಳಗಿನ ತಾಮ್ರದ ತುದಿ, ಸೆಲ್ಫಿನ ಕಾರ್ಬನ್ ಬ್ರಷ್ಷು, ಇವುಗಳಲ್ಲಿ ಒಂದು ಕೆಟ್ಟಿರಬೇಕು.

ಈಗ ನಮ್ಮ ಹಾರನ್ ಕಥೆಗೆ ಬನ್ನಿ. ಪರೀಕ್ಷೆಯ ದಿನ ಹಾರನ್ ನಾಯಿ ಓಡಿಹೋಗುವಷ್ಟು ಜೋರಾಗಿ ಕೂಗಿತ್ತು. ಬ್ಯಾಟರಿ ಅಷ್ಟೊಂದು ಇಳಿದಿದ್ದರೆ ಹಾಗೆ ಕೂಗುತ್ತಿತ್ತೇ? ಅಣ್ಣನ ಪರವಾಗಿ ಆವತ್ತೇ ಸಾಕ್ಷಿ ಹೇಳಿದ್ದು ಹಾರನ್ನು ಒಂದೇ. ನಾವು ಯಾರೂ ಕಿವಿ ಕೊಡಲಿಲ್ಲ.

ಮೀಟರಿನ ಪರೀಕ್ಷೆ

ಎರಡನೇ ಸಲ ಕಾರು ನಿಂತಾಗ ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತು ಕುಳಿತರು. ನಾನು ಶಾಲೆಗೆ ಹೋಗಿ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಪ್ರಯೋಗಶಾಲೆಯ ಬೀರುವಿನಿಂದ ಮಲ್ಟಿಮೀಟರ್ ತೆಗೆದುಕೊಂಡು ನಮ್ಮ ಮನೆಗೇ ಬಂದರು. ಅದು ನಾವು ಟಾರ್ಚ್ ಸೆಲ್ಲಿನ ವೋಲ್ಟ್ ಅಳೆಯುವ ಮೀಟರೇ.

"ಸಾರ್, ಈ ಸಲ ಸೆಲ್ಫೇ ಬದಲಾಯಿಸಬೇಕು ಅಂತಿದಾರೆ" ಅಂದರು ಚಿಕ್ಕಪ್ಪ.

"ಸ್ವಲ್ಪ ತಾಳಿ. ಮೊದಲು ಅಳೆಯೋಣ, ಆಮೇಲೆ ಬದಲಾಯಿಸೋಣ" ಅಂದರು ಮೇಷ್ಟ್ರು.

ಮೀಟರನ್ನು 20 ವೋಲ್ಟ್ ಡಿ.ಸಿ. ಮನೆಗೆ ತಿರುಗಿಸಿಟ್ಟರು. ಆಂಪಿಯರ್ ಮನೆಗೆ ಇಟ್ಟು ಸೆಲ್ಫಿನ ಕರೆಂಟು ಅಳೆಯಲು ಹೋಗಬಾರದು. 100 ಆಂಪಿಯರನ್ನು ಆ ಮೀಟರು ತಡೆಯಲಾರದು. ಸುಟ್ಟುಹೋಗುತ್ತದೆ.

ಮೊದಲ ಅಳತೆ, ಬ್ಯಾಟರಿ ಸುಮ್ಮನಿದ್ದಾಗ: ಕಾರು ನಿಂತು ಕೆಲವು ಗಂಟೆ ಆಗಿರಬೇಕು. 12.6 ಇದ್ದರೆ ಪೂರ್ತಿ ತುಂಬಿದೆ. 12.2 ಇದ್ದರೆ ಸುಮಾರು ಅರ್ಧ. 11.9ಕ್ಕಿಂತ ಕಡಿಮೆ ಇದ್ದರೆ ಖಾಲಿ ಎಂದೇ ತಿಳಿಯಿರಿ. ನಮ್ಮದು 12.5.

ಎರಡನೇ ಅಳತೆ, ಕೀ ತಿರುಗಿಸಿದಾಗ: ಸೆಲ್ಫ್ ಎಳೆಯುವಾಗ ವೋಲ್ಟ್ ಇಳಿಯುವುದು ಸಹಜ. ಆದರೆ ತುಂಬಿದ ಒಳ್ಳೆಯ ಬ್ಯಾಟರಿ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿ ದುರ್ಬಲ. ನಮ್ಮದು 11.9ರಲ್ಲೇ ನಿಂತಿತು. ಬ್ಯಾಟರಿಯ ಮೇಲೆ ಬೀಳಬೇಕಾದಷ್ಟು ಭಾರವೇ ಬೀಳುತ್ತಿಲ್ಲ ಎಂದರ್ಥ. ದಾರಿಯಲ್ಲಿ ಎಲ್ಲೋ ತಡೆ ಇದೆ.

ಮೂರನೇ ಅಳತೆ, ಹೋಗುವ ದಾರಿ: ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕಪ್ಪು ಕಡ್ಡಿ ಸೆಲ್ಫಿಗೆ ದಪ್ಪ ತಂತಿ ಸೇರುವ ಬೋಲ್ಟಿನ ಮೇಲೆ. ಕ್ಲಾಂಪಿನ ಮೇಲೆ ಇಡಬೇಡಿ, ಸೀಸದ ಕಂಬದ ಮೇಲೇ ಇಡಿ. ಆಗ ಕ್ಲಾಂಪಿನ ದೋಷವೂ ಅಳತೆಗೆ ಸಿಗುತ್ತದೆ. ಕೀ ತಿರುಗಿಸಿದಾಗ ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ನಮ್ಮದು 0.2. ಈ ದಾರಿ ಸರಿಯಾಗಿದೆ.

ನಾಲ್ಕನೇ ಅಳತೆ, ವಾಪಸ್ ಬರುವ ದಾರಿ: ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬಣ್ಣ ಇಲ್ಲದ ಲೋಹದ ಮೇಲೆ. ಕೀ ತಿರುಗಿಸಿದಾಗ 0.2, ಹೆಚ್ಚೆಂದರೆ 0.3 ವೋಲ್ಟ್ ಇರಬೇಕು.

ಅಣ್ಣ ಕಡ್ಡಿ ಹಿಡಿದಿದ್ದ. ಚಿಕ್ಕಪ್ಪ ಕೀ ತಿರುಗಿಸಿದರು. "ಟಕ್." ನಾನು ಮೀಟರು ನೋಡಿ ಓದಿದೆ: 6.2.

ಮೇಷ್ಟ್ರು ನನ್ನ ಕೈಲೇ ಲೆಕ್ಕ ಮಾಡಿಸಿದರು. ಬ್ಯಾಟರಿಯಲ್ಲಿ ಇದ್ದದ್ದು 11.9. ಹೋಗುವ ದಾರಿಯಲ್ಲಿ ಕಳೆದದ್ದು 0.2. ಬರುವ ದಾರಿಯಲ್ಲಿ ಕಳೆದದ್ದು 6.2. ಸೆಲ್ಫಿಗೆ ಉಳಿದದ್ದು 5.5 ವೋಲ್ಟ್ ಮಾತ್ರ. ಅರ್ಧ ಕೂಲಿ ಕೊಟ್ಟು ಪೂರ್ತಿ ಕೆಲಸ ಕೇಳಿದ ಹಾಗಾಯಿತು!

ಸಿಕ್ಕಿದ ಕಳ್ಳ

ಬ್ಯಾಟರಿಯ ಮೈನಸ್‌ನಿಂದ ದಪ್ಪ ಅರ್ಥ್ ತಂತಿಯನ್ನು ಹಿಡಿದುಕೊಂಡು ಹೋದೆವು. ಮೇಲಿನ ತುದಿ ಹೊಳೆಯುತ್ತಿತ್ತು, ಯಾಕೆಂದರೆ ಬ್ಯಾಟರಿ ಬದಲಾಯಿಸುವಾಗ ಅದನ್ನು ಉಜ್ಜಿದ್ದರು. ಕೆಳಗಿನ ತುದಿ ಗೇರ್ ಬಾಕ್ಸಿಗೆ ಸೇರುವಲ್ಲಿ ಎಣ್ಣೆ, ಕೆಸರು, ಅದರೊಳಗೆ ತುಕ್ಕು. ಮಳೆಗಾಲದ ರಸ್ತೆ ನೀರೆಲ್ಲ ಚಿಮ್ಮುವ ಜಾಗ ಅದು. ಬೋಲ್ಟು ಬಿಗಿಯಾಗಿಯೇ ಕಾಣುತ್ತಿತ್ತು. ಆದರೆ ತಂತಿಯ ತುದಿಗೂ ಲೋಹಕ್ಕೂ ನಡುವೆ ತುಕ್ಕಿನ ಪದರ ಕುಳಿತಿತ್ತು.

ಮೈನಸ್ ಕ್ಲಾಂಪ್ ಬಿಚ್ಚಿಟ್ಟು, ಅಣ್ಣ ಕೆಳಗೆ ಮಲಗಿ ಆ ಬೋಲ್ಟು ಬಿಚ್ಚಿದ. ತಂತಿಯ ತುದಿ, ವಾಷರು, ಲೋಹದ ಮೈ ಮೂರನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿದ. ಮತ್ತೆ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದ. ಉಪ್ಪುಕಾಗದಕ್ಕೆ ಆದ ಖರ್ಚು ರೂ. 20.

ಹಾಗಾದರೆ ಹೊಸ ಬ್ಯಾಟರಿ ಹಾಕಿದ ಮೇಲೆ ಹದಿನೈದು ದಿನ ಓಡಿದ್ದು ಹೇಗೆ? ಮೇಷ್ಟ್ರು ಹೇಳಿದ್ದು ಹೀಗೆ: ಬ್ಯಾಟರಿ ಬದಲಾಯಿಸುವಾಗ ತಂತಿಯನ್ನು ಎಳೆದಾಡಿದ್ದರಿಂದ ಕೆಳಗಿನ ತುದಿ ಸ್ವಲ್ಪ ಸರಿದು ಲೋಹಕ್ಕೆ ಲೋಹ ತಾಗಿರಬೇಕು. ಮತ್ತೆ ತುಕ್ಕು ಕಟ್ಟುವವರೆಗೆ ಓಡಿತು. ಹೊಸ ಸಾಮಾನು ಹಾಕಿದ ಮೇಲೆ ಗಾಡಿ ಓಡಿತು ಎಂದ ಮಾತ್ರಕ್ಕೆ ಹಳೆಯ ಸಾಮಾನು ಕೆಟ್ಟಿತ್ತು ಎಂದು ಆಗುವುದಿಲ್ಲ. ಇದು ನನಗೆ ತುಂಬಾ ಹಿಡಿಸಿದ ಮಾತು.

ಇನ್ನು ಅಣ್ಣನ ಹಾಡಿನ ಲೆಕ್ಕ. ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಗಂಟೆಯದು. ಅಂದರೆ 1 ಆಂಪಿಯರಿನಂತೆ ಎಳೆದರೆ ಸುಮಾರು 35 ಗಂಟೆ ಬರುತ್ತದೆ. ಹಾಡಿನ ಪೆಟ್ಟಿಗೆ 2 ಆಂಪಿಯರ್ ಎಳೆಯಿತು ಎಂದೇ ಹಿಡಿಯೋಣ. ಎರಡು ಗಂಟೆಗೆ 2 × 2 = 4. 35ರಲ್ಲಿ 4 ಕಳೆದರೆ 31. ಅಷ್ಟು ಉಳಿದಿದ್ದ ಬ್ಯಾಟರಿ ಕಾರನ್ನು ಸ್ಟಾರ್ಟ್ ಮಾಡಲೇಬೇಕಿತ್ತು. ಅಣ್ಣನ ತಪ್ಪು ಇರಲಿಲ್ಲ.

ಬ್ಯಾಟರಿಯೇ ಇಳಿದಿದ್ದರೆ

ಕೆಲವು ಸಲ ನಿಜವಾಗಿಯೂ ಬ್ಯಾಟರಿ ಇಳಿದಿರುತ್ತದೆ. ಆಗಲೂ ಕೂಡಲೇ ಹೊಸದು ಕೊಳ್ಳಬಾರದು. ಯಾಕೆ ಇಳಿಯಿತು ಎಂದು ಕೇಳಬೇಕು.

ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರು ಇಡಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. 12ರ ಆಸುಪಾಸಿನಲ್ಲೇ ಇದ್ದರೆ ಡೈನಮೋ (ಆಲ್ಟರ್ನೇಟರ್) ಚಾರ್ಜ್ ಮಾಡುತ್ತಿಲ್ಲ. ಬೆಲ್ಟು ಸಡಿಲವಾಗಿದೆಯೇ, ತಂತಿ ಬಿಟ್ಟಿದೆಯೇ ನೋಡಬೇಕು. ಕಾರಣ ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಇಳಿದುಹೋಗುತ್ತದೆ.

ಕಾರಿನೊಳಗಿನ ಸಣ್ಣ ದೀಪ ಆರಿಸಲು ಮರೆತರೂ ಇಳಿಯುತ್ತದೆ. 5 ವಾಟಿನ ದೀಪ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಮೂರೂವರೆ ದಿನದಲ್ಲಿ 35 ಆಂಪಿಯರ್-ಗಂಟೆ ಖಾಲಿ! ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ ತಾನಾಗಿಯೂ ಇಳಿಯುತ್ತದೆ.

ತುದಿಯಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ಉಜ್ಜಿ ತೊಳೆಯಿರಿ. ಆ ನೀರು ಬ್ಯಾಟರಿಯೊಳಗೆ ಹೋಗಬಾರದು. ಮುಚ್ಚಳ ತೆಗೆಯುವ ಬ್ಯಾಟರಿಯಲ್ಲಿ ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರಿನ ಲವಣ ಒಳಗಿನ ಸೀಸದ ತಟ್ಟೆಗಳನ್ನು ಕೆಡಿಸುತ್ತದೆ.

ತಿರುಗುತ್ತದೆ, ಆದರೆ ಹತ್ತುವುದಿಲ್ಲ

ಸೆಲ್ಫ್ ಚೆನ್ನಾಗಿ ತಿರುಗಿಸುತ್ತಿದ್ದು ಎಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನೂ ಸೆಲ್ಫನ್ನೂ ಬಯ್ಯಬೇಡಿ. ಅವು ತಮ್ಮ ಕೆಲಸ ಮಾಡಿವೆ. ಪೆಟ್ರೋಲ್ ಎಂಜಿನ್ನಿಗೆ ಪೆಟ್ರೋಲೂ ಬೇಕು, ಕಿಡಿಯೂ ಬೇಕು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಕೀಯನ್ನು ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡ್ "ಗುಂಯ್" ಎಂದು ಪಂಪಿನ ಸದ್ದು ಕೇಳುವುದುಂಟು. ದಿನಾ ಕೇಳುತ್ತಿದ್ದದ್ದು ಇವತ್ತು ಕೇಳದಿದ್ದರೆ ಆ ಪಂಪಿನ ಫ್ಯೂಸು, ರಿಲೇ ನೋಡಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ತಾಮ್ರದ ತಂತಿ ಸುತ್ತಿ ಹಾಕಿದರೆ ಫ್ಯೂಸಿನ ಬದಲು ಗಾಡಿಯೇ ಸುಡಬಹುದು. ಕಿಡಿಯ ತಂತಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಅದನ್ನು ಮೆಕ್ಯಾನಿಕ್ಕಿಗೆ ಬಿಡಿ.

ಡೀಸೆಲ್ ಟ್ರ್ಯಾಕ್ಟರಿಗೆ ಕಿಡಿ ಇಲ್ಲ. ಆದರೆ ಬ್ಯಾಟರಿ, ಸೆಲ್ಫ್, ಅರ್ಥ್ ಎಲ್ಲ ಇದೇ ರೀತಿ. ಮೇಲಿನ ನಾಲ್ಕು ಅಳತೆಗಳೂ ಅದಕ್ಕೆ ಸಲ್ಲುತ್ತವೆ.

ಕೊನೆಯ ಮಾತು

ಉಜ್ಜಿ ಬಿಗಿದ ಮೇಲೆ ಮೇಷ್ಟ್ರು "ಈಗ ಸ್ಟಾರ್ಟ್ ಮಾಡಿ" ಅಂದರು. ಚಿಕ್ಕಪ್ಪ ಕಾರಿನ ಒಳಗೆ ಕೂರಲಿಲ್ಲ. ಕೀಯನ್ನು ಅಣ್ಣನ ಕೈಗೆ ಕೊಟ್ಟು, "ನೀನೇ ಮಾಡಪ್ಪಾ" ಅಂದರು. ಅಣ್ಣ ಕೀ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ನಿಲ್ಲಿಸಿ ಮತ್ತೊಮ್ಮೆ ಅಳೆದೆವು. ಕೀ ತಿರುಗಿಸಿದಾಗ ಬ್ಯಾಟರಿ 10.8, ಅರ್ಥ್ ದಾರಿಯ ನಷ್ಟ 0.1.

ಚಿಕ್ಕಪ್ಪ ಅಣ್ಣನ ಬೆನ್ನ ಮೇಲಿನ ಮಣ್ಣು ಕೊಡವಿದರು. ಬೇರೆ ಏನೂ ಹೇಳಲಿಲ್ಲ. ಮುಂದಿನ ವಾರ ಎಲ್ಲಿಂದಲೋ ಹೊಂದಿಸಿ ಐ.ಟಿ.ಐ. ಫೀಸು ಕಟ್ಟಿ ಬಂದರು. ಆದರೆ ಎರಡು ವರ್ಷದ ಒಳ್ಳೆಯ ಬ್ಯಾಟರಿ ವಾಪಸ್ ಬರಲಿಲ್ಲ. ಎಲ್ಲರ ಎದುರಿಗೆ ಬಿದ್ದ ಏಟನ್ನೂ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ನಾವು ಕನ್ನಡ ಪರೀಕ್ಷೆಗೆ ವಿಸ್ತರಿಸಿ ಬರೆಯುತ್ತೇವೆ. ವಿಜ್ಞಾನ ಹೇಳುವುದೂ ಅದನ್ನೇ. ಸಾಮಾನು ಬದಲಾಯಿಸುವ ಮುಂಚೆ ಅಳೆಯಿರಿ. ಮನುಷ್ಯರ ಮೇಲೆ ತಪ್ಪು ಹೊರಿಸುವ ಮುಂಚೆಯೂ ಅಳೆಯಿರಿ.

ನಿಮಗೆ ಮೂರು ಪ್ರಶ್ನೆಗಳು

1. ತಲಾ 55 ವಾಟಿನ ಎರಡು ಹೆಡ್‌ಲೈಟ್ ಆರಿಸಲು ಮರೆತರೆ 35 ಆಂಪಿಯರ್-ಗಂಟೆಯ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

2. ಒಂದು ಜೋಡಣೆಯಲ್ಲಿ 0.02 ಓಮ್ ರೋಧವಿದೆ. 100 ಆಂಪಿಯರ್ ಹರಿದರೆ ಎಷ್ಟು ವೋಲ್ಟ್ ನಷ್ಟ?

3. ತಂತಿ ಬಿಚ್ಚುವಾಗ ಮೈನಸ್ ಮೊದಲು ಏಕೆ?

ಉತ್ತರಗಳು (ಮೊದಲು ನೀವೇ ಮಾಡಿ, ಆಮೇಲೆ ನೋಡಿ): 1. 110 ÷ 12 = ಸುಮಾರು 9.2 ಆಂಪಿಯರ್, 35 ÷ 9.2 = 4 ಗಂಟೆಗಿಂತ ಸ್ವಲ್ಪ ಕಡಿಮೆ. 2. 2 ವೋಲ್ಟ್. 3. ಕಾರಿನ ಬಾಡಿಯೆಲ್ಲ ಮೈನಸ್. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಕರೆಂಟಿಗೆ ವಾಪಸ್ ಹೋಗುವ ದಾರಿಯೇ ಇರುವುದಿಲ್ಲ.

ನಿಮ್ಮ ಮನೆಯ ಬೈಕು, ಟ್ರ್ಯಾಕ್ಟರು ಹೀಗೆ ನಿಂತಿದ್ದರೆ, ಕಾರಣ ಹೇಗೆ ಹುಡುಕಿದಿರಿ ಎಂದು ಮುಂದಿನ ಸಂಚಿಕೆಗೆ ಬರೆದುಕೊಡಿ. ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.

ಇಂತಿ,
ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ